ವಾಯರ್‌ಲೆಸ್ಸಿನಲ್ಲಿ ನಾನು ಬಿಟ್ಟುಕೊಟ್ಟ ಮೂರು ಸಂದು

ಬೆಳಿಗ್ಗೆ ಹತ್ತು ಗಂಟೆ ನಲವತ್ತೊಂದು ನಿಮಿಷ. ಹೊತ್ತು ತಪ್ಪಿರಲಿಕ್ಕಿಲ್ಲ. ಸಂದೇಶ ಬಂದ ಕೂಡಲೇ ಗೋಡೆಯ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ವಾಯರ್‌ಲೆಸ್ ಆಪರೇಟರನ ಕೆಲಸ. ಮೂವತ್ತು ವರ್ಷಕ್ಕೂ ಹೆಚ್ಚು ಅದನ್ನು ಮಾಡಿದವನು ನಾನು. ಆ ದಿನವೂ ಬರೆದುಕೊಂಡೆ. ಮಾಡಬೇಕಾಗಿದ್ದ ಇನ್ನೊಂದು ಕೆಲಸವನ್ನು ಮಾಡಲಿಲ್ಲ.

ನಾನು ಕುಳಿತಿದ್ದದ್ದು ಹಾನಗಲ್ಲಿನ ಸರ್ಕಾರಿ ಕಟ್ಟಡವೊಂದರ ಹಿಂದಿನ ಕೋಣೆಯಲ್ಲಿ. ವರದಾ ನದಿ ದಂಡೆ ಮೀರಿ ಎರಡು ದಿನವಾಗಿತ್ತು. ಮೇಜಿನ ಮೇಲೆ ಒಂದು ವಾಯರ್‌ಲೆಸ್ ಸೆಟ್, ಎರಡು ಮೊಬೈಲು, ಒಂದು ನಕಾಶೆ. ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು ತಾಲ್ಲೂಕುಗಳ ಪೊಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸಿನವರು, ಗೃಹರಕ್ಷಕರು, ಎಲ್ಲರ ಮಾತೂ ಆ ಒಂದೇ ಸೆಟ್ಟಿನಲ್ಲಿ ಬರುತ್ತಿತ್ತು. ಕರೆಂಟಿನವರು ಮಾತ್ರ ಇನ್ನೂ ಮೊಬೈಲಿನಲ್ಲಿದ್ದರು.

ಹೊಲಗಳ ನಡುವೆ ಎರಡು ಕುಟುಂಬಗಳು ನೀರಿನಲ್ಲಿ ಸಿಕ್ಕಿಕೊಂಡಿದ್ದವು. ಒಂದನ್ನು ತರಲು ಸವಣೂರಿನ ದಂಡೆಯಿಂದ ದೋಣಿ ಹೋಗಿತ್ತು, ಇನ್ನೊಂದನ್ನು ತರಲು ನಮ್ಮ ದಂಡೆಯಿಂದ. ಎರಡೂ ದೋಣಿಗಳು ಒಂದೇ ವಿದ್ಯುತ್ ತಂತಿಯ ಕೆಳಗೆ ಹಾಯಬೇಕಿತ್ತು. ಹನ್ನೊಂದು ಸಾವಿರ ವೋಲ್ಟಿನ ತಂತಿ. ಬೇಸಿಗೆಯಲ್ಲಿ ಅದರ ಕೆಳಗೆ ಹೊಟ್ಟು ಹೇರಿದ ಟ್ರ್ಯಾಕ್ಟರು ಹೋಗುತ್ತದೆ. ಆಗ ನೀರು ಏರಿ, ಕಂಬ ವಾಲಿ, ತಂತಿ ದೋಣಿಯಲ್ಲಿ ಕುಳಿತವರ ತಲೆಯ ಮಟ್ಟಕ್ಕೆ ಬಂದಿತ್ತು. ಆಚೆ ದಂಡೆಯ ಲೈನ್‌ಮನ್ ಫೋನ್ ಮಾಡಿ ಕರೆಂಟ್ ತೆಗೆಸಿದ್ದ. ಬಿದಿರಿನ ಗಳದಿಂದ ತಂತಿಯನ್ನು ಮೇಲೆತ್ತಿ, ಅದರಡಿ ದೋಣಿ ನುಸುಳಿಸಬೇಕಿತ್ತು.

ಹತ್ತು ನಲವತ್ತೊಂದಕ್ಕೆ ಆಚೆ ದಂಡೆಯ ಆಪರೇಟರ್ ಸೆಟ್ಟಿನಲ್ಲಿ ಬಂದ.

“ನಮ್ಮ ದೋಣಿ ದಂಡಿಗೆ ಬಂತ್ರಿ. ಎಲ್ಲಾರೂ ಇಳದ್ರು. ಕರೆಂಟ್ ಬಿಡ್ರಿ ಅಂತ ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಾಕತ್ತಾನ್ರಿ.”

ಬರೆದುಕೊಂಡೆ. ನಮ್ಮ ದೋಣಿ ಇನ್ನೂ ನೀರಿನಲ್ಲಿತ್ತು, ಅದೇ ತಂತಿಯ ಹತ್ತಿರ. ಅದು ಹೊರಟ ಸುದ್ದಿ ದಂಡೆಯಿಂದ ನನ್ನ ಮೊಬೈಲಿಗಷ್ಟೇ ಬಂದಿತ್ತು, ಆಚೆ ದಂಡೆಯವರಿಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ಆ ಕೋಣೆಯಲ್ಲಿ ಕುಳಿತಿದ್ದ ನಾನು.

ಗುಂಡಿ ಒತ್ತಬೇಕು, ಅಷ್ಟರಲ್ಲಿ ಹೊರ ಜಿಲ್ಲೆಯಿಂದ ಉಸ್ತುವಾರಿಗೆ ಬಂದಿದ್ದ ಹಿರಿಯ ಅಧಿಕಾರಿಯ ದನಿ ಚಾನಲ್ ತುಂಬಿತು. “ಎಲ್ಲ ತಾಲ್ಲೂಕಿನವರೂ ಕೇಳಿಸ್ಕೊಳ್ಳಿ. ಕಾಳಜಿ ಕೇಂದ್ರಗಳಲ್ಲಿ ಎಷ್ಟು ಜನ ಇದಾರೆ, ಹಾಲಿನ ಪುಡಿ ಎಷ್ಟಿದೆ, ಒಬ್ಬೊಬ್ಬರೇ ಹೇಳಿ. ಮೊದಲು ಹಿರೇಕೆರೂರು. ಆಮೇಲೆ ಶಿಗ್ಗಾವಿ, ಸವಣೂರು. ಕೊನೇಗೆ ಹಾನಗಲ್.”

ಈ ಕೆಲಸಕ್ಕೆ ಹೊಸದಾಗಿ ಬಂದವರು ಒಂದು ತಿಳಿಯಬೇಕು. ನಮ್ಮ ಸೆಟ್ಟಿನಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರ ದನಿ ಹೋಗುವುದಿಲ್ಲ. ಅವರು ಗುಂಡಿ ಬಿಟ್ಟು ಇನ್ನೊಬ್ಬರು ಒತ್ತುವ ನಡುವೆ ಒಂದೆರಡು ಸೆಕೆಂಡಿನ ಸಂದು ಸಿಗುತ್ತದೆ. ಅಷ್ಟೇ. ಸಾಹೇಬರು ಗುಂಡಿ ಬಿಟ್ಟರು, ಒಂದು ಸಂದು. ಹಿರೇಕೆರೂರಿನವರು ಮುಗಿಸಿದರು, ಎರಡು. ಶಿಗ್ಗಾವಿಯವರು ಮುಗಿಸಿದರು, ಮೂರು. ನನ್ನ ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ‘ಸರದಿ ಬರುತ್ತದೆ, ಬಂದಾಗ ಹೇಳುತ್ತೇನೆ’ ಎಂದುಕೊಂಡೆ. ಈಗಲೂ ನಂಬಲಿಕ್ಕೆ ಆಗುವುದಿಲ್ಲ, ಆದರೆ ಹಾಗೆಯೇ ಅಂದುಕೊಂಡೆ. ಎಡಗೈಯಿಂದ ಕರೆಂಟಿನವರ ನಂಬರು ಒತ್ತಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಒತ್ತಿದೆ. ಅದೇ.

ಹತ್ತು ನಲವತ್ತಮೂರು. ಸವಣೂರಿನವರು ಮುಗಿಸುತ್ತಲೇ, ಸಂದು ಬಿಡದೆ, “ಹಾನಗಲ್ ಹೇಳಿ” ಎಂದರು ಸಾಹೇಬರು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮೊಬೈಲು ಬಡಿದುಕೊಂಡಿತು. ನಮ್ಮ ದಂಡೆಯಲ್ಲಿದ್ದ ಕಾನ್‌ಸ್ಟೇಬಲ್. ಮೊದಲು ಮಾತು ಕೇಳಿಸಲಿಲ್ಲ. ಹೆಣ್ಣುಮಕ್ಕಳ ಚೀರಾಟ ಕೇಳಿಸಿತು.

*

ಮುಂದೆ ಏನಾಯಿತು ಎನ್ನುವುದಕ್ಕಿಂತ ಮೊದಲು, ಆ ಒಂದೇ ಚಾನಲ್ ಹೇಗೆ ಬಂತು ಎನ್ನುವುದನ್ನು ಹೇಳಬೇಕು. ಇಲ್ಲವಾದರೆ ನನ್ನ ಮೂರ್ಖತನ ಯಾವ ಬಗೆಯದು ಎಂದು ತಿಳಿಯುವುದಿಲ್ಲ.

ಹಾವೇರಿಯಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಕೆಲಸಕ್ಕೆ ಸೇರಿದಾಗ ಒಬ್ಬೊಬ್ಬರಿಗೆ ಒಂದೊಂದು ಚಾನಲ್. ಪೊಲೀಸರ ಮಾತು ಬೆಂಕಿಯವರಿಗೆ ಕೇಳದು, ಈ ತಾಲ್ಲೂಕಿನದು ಆ ತಾಲ್ಲೂಕಿಗೆ ಮುಟ್ಟದು. ಯಲವಿಗಿ ಸ್ಟೇಷನ್ನಿನ ಹತ್ತಿರ ಒಬ್ಬ ರೈಲಿನಿಂದ ಬಿದ್ದ ಅಂದರೆ ರೈಲಿನವರದೇ ಬೇರೆ ಲೋಕ. ಸುದ್ದಿ ಒಬ್ಬರ ಬಾಯಿಂದ ಒಬ್ಬರ ಕಿವಿಗೆ ದಾಟಿ ದಾಟಿ ಬರುವಷ್ಟರಲ್ಲಿ ಗಾಯಾಳುವನ್ನು ಯಾರೋ ಟಂಟಂ ಆಟೋದಲ್ಲಿ ಹಾಕಿಕೊಂಡು ಹೋಗಿರುತ್ತಿದ್ದರು.

ಒಮ್ಮೆ ಹಂಸಭಾವಿ ಹತ್ತಿರ ಗೋವಿನಜೋಳದ ಕಣಿಕೆಯ ಬಣವೆಗಳಿಗೆ ಬೆಂಕಿ ಬಿತ್ತು. ಎರಡು ದಿಕ್ಕಿನಿಂದ ಎರಡು ಬೆಂಕಿ ಗಾಡಿಗಳು ಬಂದವು, ಒಂದಕ್ಕೆ ಇನ್ನೊಂದರ ಸುಳಿವಿಲ್ಲ. ಚಕ್ಕಡಿ ದಾರಿಯ ನಟ್ಟನಡುವೆ ಎದುರುಬದುರು ನಿಂತವು. ಆಚೀಚೆ ಹೊರಳಲು ಜಾಗವಿಲ್ಲ. ಒಬ್ಬ ಸಿಪಾಯಿ ಮೋಟಾರ್ ಸೈಕಲ್ಲಿನಲ್ಲಿ ಅವರಿಂದ ಇವರಿಗೆ ಚೀಟಿ ಒಯ್ಯುತ್ತಿದ್ದ. ಬಣವೆಯ ಯಜಮಾನ, ವಯಸ್ಸಾದ ರೈತ, ಉರಿಯುವ ಕಣಿಕೆ ಬಿಟ್ಟು ನಮ್ಮನ್ನೇ ನೋಡುತ್ತ ನಿಂತಿದ್ದ.

“ಏನ್ರಿ, ನೀವು ನೀವು ಮಾತು ಬಿಟ್ಟೀರೇನು?” ಎಂದ. “ಹೊಲಾ ಭಾಗಾ ಆದ ಅಣ್ಣತಮ್ಮರಂಗ ನಿಂತೀರಲ್ರಿ! ನಾವರ ಬೆಂಕಿ ಬಿದ್ದಾಗ ಮಾತಾಡ್ತೇವಿ.”

ಆ ಮಾತು ನನಗೆ ನಾಟಿತು. ಅಲ್ಲಿಂದ ಮುಂದೆ ಅರ್ಜಿ, ಸಭೆ, ಮತ್ತೆ ಅರ್ಜಿ. ನಾಲ್ಕು ತಾಲ್ಲೂಕಿಗೆ ಒಂದು ಕೂಡು ಚಾನಲ್ ಬರಲು ವರ್ಷಗಳೇ ಹಿಡಿದವು. ಬಂದ ದಿನ ಹಾನಗಲ್ಲಿನಲ್ಲಿ ಕುಳಿತು ಹಿರೇಕೆರೂರಿನವನ ಕೆಮ್ಮು ಕೇಳಿ ನಾನು ಒಬ್ಬನೇ ನಕ್ಕಿದ್ದೆ. ಎಲ್ಲರನ್ನೂ ಒಂದೇ ಪಡಸಾಲೆಯಲ್ಲಿ ಕೂರಿಸಿದೆ ಎಂದು ಬೀಗಿದೆ.

ನಮ್ಮ ಕಡೆ ಪಡಸಾಲೆಯಲ್ಲಿ ಏನು ನಡೆಯುತ್ತದೆ ಎನ್ನುವುದು ಮರೆತಿದ್ದೆ. ಹಿರಿಯರು ಕುಳಿತಿದ್ದರೆ ಕಿರಿಯರು ಬಾಯಿ ಬಿಡುವುದಿಲ್ಲ. ಹಳೆಯ ಚಾನಲ್ಲುಗಳಲ್ಲಿ ನಮ್ಮ ಹುಡುಗರು ತಮ್ಮ ತಮ್ಮಲ್ಲಿ ಬೈದಾಡುತ್ತ, ಕೂಗುತ್ತ, “ಏ ಹಿಂದ ಸರಿಯೋ, ಗ್ವಾಡಿ ಬೀಳತೈತಿ” ಎಂದು ಒದರುತ್ತ ಕೆಲಸ ಮಾಡುತ್ತಿದ್ದರು. ಕೂಡು ಚಾನಲ್ ಬಂದ ಮೇಲೆ ಅದರಲ್ಲಿ ಸಾಹೇಬರುಗಳು ಬಂದರು, ಹುಡುಗರು ಸುಮ್ಮನಾದರು. ಆ ಮೌನವನ್ನು ನಾನು ಶಿಸ್ತು ಎಂದು ತಿಳಿದೆ. ಖುಷಿಪಟ್ಟೆ ಕೂಡ.

ಶಿಗ್ಗಾವಿಯಲ್ಲಿ ತರಬೇತಿ ಇಟ್ಟಾಗ ಒಬ್ಬ ಗೃಹರಕ್ಷಕ ಮಾತ್ರ ಸುಮ್ಮನಿರಲಿಲ್ಲ. ಹೆಸರು ಫಕ್ಕೀರಪ್ಪ ಎಂದು ಇಟ್ಟುಕೊಳ್ಳೋಣ. ಹಾನಗಲ್ ಕಡೆಯವನು, ಎರಡು ಎಕರೆ ಭತ್ತದ ಗದ್ದೆ, ಮೂವತ್ತೈದರ ಆಸುಪಾಸು, ಈಜಿನಲ್ಲಿ ಎತ್ತಿದ ಕೈ. ಒಬ್ಬ ಮೇಲಧಿಕಾರಿ ಸೆಟ್ಟಿನಲ್ಲಿ ಶಿಸ್ತಿನ ಬಗ್ಗೆ ಉದ್ದ ಭಾಷಣ ಮಾಡುತ್ತಿದ್ದರು. ಅವರು ಗುಂಡಿ ಬಿಟ್ಟು ಉಸಿರಿಗೆ ನಿಂತ ಸಂದಿನಲ್ಲಿ ಫಕ್ಕೀರಪ್ಪ ಗುಂಡಿ ಒತ್ತಿ, “ಸಾಹೇಬ್ರ, ಚಾ ಬಂದೈತ್ರಿ, ಆರಾಕತ್ತೈತಿ” ಅಂದ. ಇಡೀ ಮೈದಾನ ನಕ್ಕಿತು. ಸಾಹೇಬರ ಮುಖ ಕೆಂಪಾಯಿತು.

ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಬೈದವನು ನಾನು.

“ದೊಡ್ಡಾವರು ಮಾತಾಡುವಾಗ ನಡಬರ್ಕ ಬಾಯಿ ಹಾಕ್ತಿಯೇನೋ? ಮನ್ಯಾಗ ನಿಮ್ಮಪ್ಪ ಮಾತಾಡಿದ್ರೂ ಹಿಂಗ ಮಾಡ್ತಿ ಏನು? ಕರದಾಗ ಮಾತಾಡಬೇಕು, ಕರೀದಿದ್ರ ಸುಮ್ಮನಿರಬೇಕು.”

“ಆತ್ರಿ ಸರ್ರ. ತಪ್ಪಾತ್ರಿ,” ಎಂದ. ಮುಖದಲ್ಲಿದ್ದ ನಗು ಇಳಿದುಹೋಯಿತು.

ಅಷ್ಟಕ್ಕೆ ಬಿಡಲಿಲ್ಲ. ‘ಕರೆದಾಗ ಮಾತ್ರ ಉತ್ತರಿಸಿ’ ಎಂದು ಚೀಟಿ ಅಚ್ಚು ಹಾಕಿಸಿ, ನಾಲ್ಕೂ ತಾಲ್ಲೂಕಿನ ಪ್ರತಿ ಸೆಟ್ಟಿನ ಬೆನ್ನಿಗೆ ಅಂಟಿಸಿದೆ. ನನ್ನ ಕೈಯಿಂದಲೇ.

*

ಹತ್ತು ನಲವತ್ತಮೂರಕ್ಕೆ ತಂತಿಯ ಕೆಳಗಿದ್ದ ನಮ್ಮ ದೋಣಿಯಲ್ಲಿ ಆರು ಜನ ಇದ್ದರು. ಒಬ್ಬ ಅಜ್ಜ, ಅವನ ಸೊಸೆ, ಇಬ್ಬರು ಹೆಣ್ಣುಮಕ್ಕಳು, ಹುಟ್ಟು ಹಾಕುವ ಅಗ್ನಿಶಾಮಕದವನೊಬ್ಬ, ಮತ್ತು ಗಳ ಹಿಡಿದು ತಂತಿ ಎತ್ತುತ್ತಿದ್ದ ಫಕ್ಕೀರಪ್ಪ. ಕರೆಂಟ್ ಬಂದು ಒಂದು ಕ್ಷಣ ಇದ್ದು ತಾನಾಗಿ ಹೋಯಿತಂತೆ. ಆ ಒಂದು ಕ್ಷಣ ಸಾಕಾಯಿತು. ನೀಲಿ ಬೆಳಕು, ಕೊಟ್ಟಿಗೆಯಲ್ಲಿ ಸಿಡಿಲು ಬಿದ್ದಂಥ ಶಬ್ದ, ಆಮೇಲೆ ದೋಣಿಯ ಹಿಂದಿನ ತುದಿ ಖಾಲಿ.

ಇದನ್ನೆಲ್ಲ ಆಮೇಲೆ ಕೇಳಿ ತಿಳಿದದ್ದು. ಆಗ ಚೀರಾಟದ ನಡುವೆ ಕಾನ್‌ಸ್ಟೇಬಲ್ ಕೂಗಿ ಹೇಳಿದ್ದು ಇಷ್ಟೇ: ಐದು ಜನ ದೋಣಿಯಲ್ಲಿದ್ದಾರೆ, ಒಬ್ಬ ಇಲ್ಲ.

“ಹಾನಗಲ್, ಯಾಕೆ ಉತ್ತರ ಇಲ್ಲ?” ಸಾಹೇಬರು ಕೇಳುತ್ತಿದ್ದರು.

ಆಗ ಗುಂಡಿ ಒತ್ತಿದೆ. “ಕರೆಂಟ್ ತೆಗಸ್ರಿ! ನಮ್ಮ ದೋಣಿ ತಂತಿ ಕೆಳಗ ಐತಿ, ಒಬ್ಬ ನೀರಿಗೆ ಬಿದ್ದಾನ!” ಎಂದು ಚೀರಿದೆ. ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ಸೆಟ್ಟಿನಲ್ಲಿ ನನ್ನ ಹೆಸರು, ಸ್ಥಳ, ‘ಓವರ್’ ಏನೂ ಹೇಳಲಿಲ್ಲ. ಎರಡು ನಿಮಿಷದಲ್ಲಿ, ಆಚೆ ದಂಡೆಯ ಲೈನ್‌ಮನ್ ಮುಖಾಂತರ, ಕರೆಂಟ್ ಮತ್ತೆ ತೆಗೆದದ್ದು ಖಾತ್ರಿಯಾಯಿತು. ನೋಡಿ, ಹೇಳಿದರೆ ಎರಡು ನಿಮಿಷದ ಕೆಲಸ ಅದು.

ನಲವತ್ತು ನಿಮಿಷ ಅವನು ಸಿಗಲಿಲ್ಲ. ಆ ನಲವತ್ತು ನಿಮಿಷದಲ್ಲಿ ನಾನು ಹತ್ತೊಂಬತ್ತು ಸಂದೇಶ ಬರೆದುಕೊಂಡಿದ್ದೇನೆ. ಅಕ್ಷರ ನೆಟ್ಟಗಿವೆ. ಎಂಥ ಮನುಷ್ಯ ಅಷ್ಟು ನೆಟ್ಟಗೆ ಬರೆದ?

ಹನ್ನೊಂದು ಇಪ್ಪತ್ತಮೂರಕ್ಕೆ ಆಚೆ ದಂಡೆಯ ದೋಣಿಯವರು ಅವನನ್ನು ಜಾಲಿಮುಳ್ಳಿನ ಪೊದೆಯಿಂದ ಬಿಡಿಸಿ ತೆಗೆದರು. ಉಸಿರಿತ್ತು.

*

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಎರಡು ಬೆರಳು ತೆಗೆದಿದ್ದರು. ಅವನ ಅವ್ವ ಮಂಚದ ಪಕ್ಕ ನೆಲದ ಮೇಲೆ ಕುಳಿತು ಎಳನೀರನ್ನು ಲೋಟಕ್ಕೆ ಬಗ್ಗಿಸುತ್ತಿದ್ದಳು.

“ಬರ್ರಿ ಸರ್ರ, ಕುಂದರ್ರಿ,” ಎಂದ ಫಕ್ಕೀರಪ್ಪ. “ಹೆದರಬ್ಯಾಡ್ರಿ, ಇನ್ನ ಎಂಟು ಬಟ್ಟ ಅದಾವು.”

“ಬಾಯಿ ಮುಚ್ಚಲೇ,” ಎಂದಳು ಅವ್ವ. “ಬಟ್ಟ ಹೋದ್ರೂ ನಾಲಿಗಿ ಹೋಗಲಿಲ್ಲ ಇವಂದು.”

ನಾನು ಹೇಳಬೇಕೆಂದು ಬಂದದ್ದನ್ನು ಹೇಳಿದೆ. ಕರೆಂಟ್ ಬಿಡುತ್ತಾರೆ ಎನ್ನುವುದು ನನಗೆ ಎರಡು ನಿಮಿಷ ಮೊದಲೇ ಕೇಳಿತ್ತು, ಸಾಹೇಬರು ಮಾತಾಡುತ್ತಿದ್ದರು, ನಾನು ಸುಮ್ಮನಿದ್ದೆ ಎಂದು. ಬೈಯಲಿ ಎಂದು ಕಾದೆ.

ಅವನು ಬೈಯಲಿಲ್ಲ.

“ನನಗೂ ಕೇಳಿತ್ರಿ,” ಎಂದ.

“ಏನು ಕೇಳಿತ್ತು?”

“ಅದ, ಲೈನ್‌ಮನ್ ಫೋನ್ ಹಚ್ಚಾಕತ್ತಾನ ಅಂದದ್ದು. ಸೆಟ್ ನನ್ನ ಎದಿಮ್ಯಾಲ ಇತ್ತಲ್ರಿ. ದೋಣ್ಯಾಗಿನ ಮಂದಿಗೆ ತಗ್ಗಿ ಮಕ್ಕೋರಿ, ತಂತಿ ಮುಟ್ಟಬ್ಯಾಡ್ರಿ ಅಂದೆ. ಗಳಾ ಬಿಟ್ರ ತಂತಿ ಅವರ ಮ್ಯಾಲ ಬೀಳತಿತ್ರಿ, ದೋಣಿ ದಾಟಿಸಿ ಬಿಡೂದ್ರಾಗ ಬಂದ ಬಿಡ್ತು.”

“ಗುಂಡಿ ಯಾಕ ಒತ್ತಲಿಲ್ಲೋ? ಸೆಟ್ ಇತ್ತಲ್ಲ!”

ಅವನು ನನ್ನನ್ನು ಮಗುವನ್ನು ನೋಡುವಂತೆ ನೋಡಿದ. “ಸಾಹೇಬ್ರು ಮಾತಾಡಾಕತ್ತಿದ್ರಲ್ರಿ. ನೀವ ಹೇಳಿದ್ರಿ, ನಡಬರ್ಕ ಬಾಯಿ ಹಾಕಬ್ಯಾಡ ಅಂತ. ಸೆಟ್ಟಿನ ಬೆನ್ನಿಗೂ ಹಚ್ಚೀರಿ.”

ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವ್ವ ಎಳನೀರಿನ ಲೋಟ ನನ್ನ ಮುಂದೆ ಹಿಡಿದಳು. “ಕುಡೀರಿ ಸಾಹೇಬ್ರ, ಮಾರಿ ಬೆಳ್ಳಗಾತು ನಿಮ್ಮದು,” ಎಂದಳು. ಕುಡಿದೆ. ಲೋಟ ಕೊಟ್ಟು ಹೊರಗೆ ಬಂದೆ.

ಆ ಹೊತ್ತಿನಿಂದ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಮೂರು ಸಂದುಗಳು ಸಾಲಾಗಿ ಬರುತ್ತಿದ್ದವು. ಪ್ರತಿ ಸಾರಿಯೂ ಹೆಬ್ಬೆರಳು ತಾನೇ ಒತ್ತುತ್ತಿತ್ತು, ಹೊದಿಕೆಯ ಅಂಚನ್ನು. ನನಗೂ ಪಕ್ಕದಲ್ಲಿದ್ದ ಹೆಂಡತಿಗೂ ಎಚ್ಚರವಾಗುತ್ತಿತ್ತು.

*

ವಿಚಾರಣೆ ಆಯಿತು. ನನ್ನ ಹೇಳಿಕೆಯಲ್ಲಿ ಮೂರು ಸಂದುಗಳನ್ನೂ ಬರೆದೆ, ಚೀಟಿ ಅಂಟಿಸಿದ್ದನ್ನೂ ಬರೆದೆ. ನನ್ನ ಜೊತೆಯ ನೌಕರರೊಬ್ಬರು ಓದಿ ಗಾಬರಿಯಾದರು.

“ನಿಮಗೇನ ಹುಚ್ಚ ಹಿಡದೈತೇನ್ರಿ? ರಿಟೈರ್ ಆಗಾಕ ಬಂದೀರಿ. ಫೋನ್ ಹತ್ತಲಿಲ್ಲ ಅಂತ ಬರೀರಿ, ಅದೂ ಖರೇನ ಐತಿ. ಉಳದದ್ದು ಯಾರಿಗೆ ಬೇಕಾಗೈತಿ?”

ಖರೆ ಇದ್ದದ್ದಕ್ಕೇ ಅದು ಹೆಚ್ಚು ಅಪಾಯದ ಮಾತು ಎನಿಸಿತು. ಹೇಳಿಕೆ ಹಾಗೆಯೇ ಕೊಟ್ಟೆ.

ಉಸ್ತುವಾರಿಯ ಅಧಿಕಾರಿ ನನ್ನನ್ನು ಕರೆಸಿದರು. ಕೂಗಾಡುತ್ತಾರೆ ಎಂದುಕೊಂಡು ಹೋದೆ. ಅವರ ಮೇಜಿನ ಮೇಲೆ ನನ್ನ ಹೇಳಿಕೆ ಇತ್ತು, ಕನ್ನಡಕ ಅದರ ಮೇಲಿತ್ತು.

“ನಾನು ಕೇಳ್ತಿದ್ದಿದ್ದು ಹಾಲಿನ ಪುಡಿ ಲೆಕ್ಕ, ಜನರ ಲೆಕ್ಕ,” ಎಂದರು. “ಹತ್ತು ನಿಮಿಷ ಬಿಟ್ಟು ಕೇಳಿದ್ರೂ ಆಗ್ತಿತ್ತು. ನೀವು ಒಂದು ಮಾತು ಅಂದಿದ್ರೆ ನಿಲ್ಲಿಸ್ತಿದ್ದೆ. ನನ್ನನ್ನ ಯಾಕ್ರೀ ಯಾರೂ ತಡೀಲಿಲ್ಲ?”

ಇಷ್ಟು ದಿನ ಅವರ ಸಿಟ್ಟಿಗೆ ಹೆದರಿ ಸುಮ್ಮನಿದ್ದೆ ಎಂದುಕೊಂಡಿದ್ದೆ. ಅವರು ನನ್ನ ಮೇಲೆ ಒಮ್ಮೆಯೂ ಸಿಟ್ಟಾಗಿರಲೇ ಇಲ್ಲ. ಅವರ ಹಿಂದಿನವರ, ಅವರ ಹಿಂದಿನವರ ಸಿಟ್ಟನ್ನು ಇವರ ತಲೆಗೆ ಕಟ್ಟಿ, ಆ ಹೆದರಿಕೆಯನ್ನು ಫಕ್ಕೀರಪ್ಪನ ಎದೆಗೆ ನೇತುಹಾಕಿದ್ದೆ.

“ಸರ್, ಒಂದು ನಿಯಮ ಮಾಡಬೇಕು,” ಎಂದೆ.

ನಿಯಮ ಸಣ್ಣದು. ಯಾರೇ ಆಗಲಿ ಎರಡು ವಾಕ್ಯಕ್ಕಿಂತ ಹೆಚ್ಚು ಒಮ್ಮೆಗೆ ಮಾತಾಡಬಾರದು. ಗುಂಡಿ ಬಿಟ್ಟು ಮನಸ್ಸಿನಲ್ಲಿ ಮೂರು ಎಣಿಸಬೇಕು. ಆ ಸಂದಿನಲ್ಲಿ ಯಾರಾದರೂ ಮೊದಲೇ ಗೊತ್ತು ಮಾಡಿದ ಒಂದು ಮಾತು ಅಂದರೆ ಚಾನಲ್ ಅವರದು, ಆಚೆಯವರು ಯಾರೇ ಇರಲಿ. ಆ ಒಂದು ಮಾತು ಯಾವುದು ಎನ್ನುವುದೇ ದೊಡ್ಡ ಚರ್ಚೆಯಾಯಿತು. ಸಭೆಯಲ್ಲಿ ಇಂಗ್ಲಿಷ್ ಮಾತುಗಳು ಬಂದವು. ಗೃಹರಕ್ಷಕರು ತಲೆಯಾಡಿಸಿದರು, ಹಿಂದೆ ಹೋಗಿ ಪಿಸುಗುಟ್ಟಿಕೊಂಡರು. ಕೊನೆಗೆ ಸವಣೂರು ಕಡೆಯ ಒಬ್ಬ ಹೆಣ್ಣುಮಗಳು, ಗೃಹರಕ್ಷಕಿ, ಎದ್ದು ನಿಂತಳು.

“‘ತಡೀರಿ’ ಅಂತ ಇಡ್ರಿ,” ಎಂದಳು. “ಸಾಹೇಬ್ರಿಗೆ ‘ತಡಿ’ ಅನ್ನಾಕ ನಮ್ಮ ಬಾಯಿ ಏಳಂಗಿಲ್ಲ. ‘ತಡೀರಿ’ ಅಂದ್ರ ಮರ್ಯಾದಿ ಉಳಿತೈತಿ, ಜೀವಾನೂ ಉಳಿತೈತಿ.”

ಎಲ್ಲರೂ ನಕ್ಕರು. ಅದೇ ಉಳಿಯಿತು.

ಆಮೇಲೆ ನಾಲ್ಕೂ ತಾಲ್ಲೂಕು ತಿರುಗಿದೆ. ಪ್ರತಿ ಸೆಟ್ಟಿನ ಬೆನ್ನಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಒಳ್ಳೆಯ ಅಂಟು ಹಾಕಿಸಿದ್ದೆ, ಸುಲಭಕ್ಕೆ ಬರಲಿಲ್ಲ. ಅಭ್ಯಾಸ ಮಾಡಿಸಿದೆ. ಮೊದಲ ದಿನ ಒಬ್ಬನೂ ಸಾಹೇಬರನ್ನು ತಡೆಯಲಿಲ್ಲ. ತಡೆಯಿರಿ ಎಂದು ಸಾಹೇಬರೇ ಹೇಳಿದರೂ ತಡೆಯಲಿಲ್ಲ. ಕೊನೆಗೆ ಅವರು ಬೇಕೆಂದೇ ತಪ್ಪು ಊರಿನ ಹೆಸರು ಹೇಳುತ್ತ ಹೋದರು, ತಡೆಯಲಾಗದೆ ಒಬ್ಬ ಮುದುಕ ಡ್ರೈವರ್ “ತಡೀರಿ, ತಡೀರಿ, ಅದು ಹಿರೇಕೆರೂರಾಗ ಇಲ್ರಿ ಆ ಊರು!” ಎಂದ. ಚಪ್ಪಾಳೆ ಬಿತ್ತು. ಅಭ್ಯಾಸದಲ್ಲಿ ಆಯಿತು, ಖರೆ ಹೊತ್ತಿನಲ್ಲಿ ಆದೀತೇ ಎನ್ನುವುದು ನನ್ನ ಹೊದಿಕೆಯೊಳಗಿನ ಪ್ರಶ್ನೆ.

*

ನನ್ನ ನೌಕರಿಯ ಕೊನೆಯ ಮಳೆಗಾಲ. ನದಿ ಮತ್ತೆ ಏರಿತು. ಅದೇ ಕೋಣೆ, ಅದೇ ಮೇಜು. ಈ ಸಲ ಕರೆಂಟಿನವರಲ್ಲಿ ಒಬ್ಬರು ಸೆಟ್ ಹಿಡಿದು ನನ್ನ ಪಕ್ಕದಲ್ಲೇ ಕುಳಿತಿದ್ದರು. ಫಕ್ಕೀರಪ್ಪನಿಗೆ ಹುಟ್ಟು ಹಿಡಿಯಲು ಆಗುತ್ತಿರಲಿಲ್ಲ, ಆದರೂ ಕೆಲಸ ಬಿಟ್ಟಿರಲಿಲ್ಲ; ದಂಡೆಯ ಮೇಲೆ ನಿಂತು ನೋಡಿ ಹೇಳುವ ಕೆಲಸ ಕೊಟ್ಟಿದ್ದರು.

ಮಧ್ಯಾಹ್ನ ಮೂರರ ಸುಮಾರಿಗೆ ಎರಡು ದೋಣಿಗಳನ್ನು ಒಂದಕ್ಕೊಂದು ಹಗ್ಗ ಕಟ್ಟಿ, ಪಂಪಿನ ಮನೆಯಲ್ಲಿ ಸಿಕ್ಕಿಕೊಂಡವರನ್ನು ತರಲು ಕಳಿಸಿದ್ದೆವು. ದಾರಿ ನಾನು ಹೇಳುತ್ತಿದ್ದೆ. ಹೀಗೆ ಹೋಗಿ, ಬೇವಿನಮರದ ಎಡಕ್ಕೆ ಬನ್ನಿ, ಅಲ್ಲಿ ಸೆಳೆತ ಕಡಿಮೆ, ಅಲ್ಲಿಂದ ಪಂಪಿನ ಮನೆಗೆ. ನಕಾಶೆ ನನ್ನ ಮುಂದಿತ್ತು, ನನ್ನ ಮಾತಿನ ಮೇಲೆ ನನಗೆ ಭರವಸೆ ಇತ್ತು. ಎರಡು ವಾಕ್ಯ ಯಾವಾಗ ಐದಾದವೋ. ಗುಂಡಿ ಬಿಟ್ಟೆ, ಮತ್ತೆ ಒತ್ತಲು ಹೆಬ್ಬೆರಳು ಎತ್ತಿದೆ.

“ತಡೀರಿ.”

ಫಕ್ಕೀರಪ್ಪನ ದನಿ.

ಹೊಸಬರಿಗಾಗಿ ಇದನ್ನು ಮುಚ್ಚಿಡದೆ ಬರೆಯುತ್ತೇನೆ. ನನಗೆ ಸಿಟ್ಟು ಬಂತು. ನಿಯಮ ಮಾಡಿದವನಿಗೆ, ಅವನ ಬೆರಳು ಹೋಗಲು ಕಾರಣನಾದವನಿಗೆ, ಮೊದಲು ಬಂದದ್ದು ಸಿಟ್ಟು. ಕಿವಿ ಬಿಸಿಯಾಯಿತು. ‘ನನ್ನನ್ನೇ ತಡೀತಾನೆ’ ಎಂದು ಹೆಬ್ಬೆರಳು ಗುಂಡಿಗೆ ತಾಗಿತ್ತು. ಆಮೇಲೆ ಬೆವರು ಬಂತು. ಸೆಟ್ಟನ್ನು ಮೇಜಿನ ಮೇಲೆ ಇಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ.

“ಹಿಂದಿನ ದೋಣಿ ಹಗ್ಗಾ ಸಡ್ಲ ಆಗೈತ್ರಿ. ಬೇವಿನಮರದ ಕಡೆ ಒಯ್ಯಬ್ಯಾಡ್ರಿ, ಅಲ್ಲೆ ಸುಳಿ ಎದ್ದೈತಿ. ನಿಮ್ಮ ನಕಾಶ್ಯಾಗ ಕಾಣಂಗಿಲ್ಲ ಅದು. ಇದ್ದಲ್ಲೇ ಕಟ್ಟಾಕ ಹೇಳ್ರಿ.”

ಇದ್ದಲ್ಲೇ ಕಟ್ಟಲು ಹೇಳಿದೆ. ಅವರು ಹಿಂದಿನ ದೋಣಿಯನ್ನು ಹಿಡಿದು ಗಂಟು ಬಿಗಿಯುತ್ತಿರುವಾಗಲೇ ಬೇವಿನಮರ ಬುಡಸಮೇತ ಕಿತ್ತು ತೇಲಿಹೋಯಿತು. ನಾನು ಅದನ್ನು ನೋಡಲಿಲ್ಲ. ಫಕ್ಕೀರಪ್ಪ ನೋಡಿ ಹೇಳಿದ. “ಹೋತ್ರಿ ಗಿಡಾ,” ಎಂದ ಅಷ್ಟೇ. ಆಮೇಲೆ ಮೂರು ಎಣಿಸುವಷ್ಟು ಹೊತ್ತು ಚಾನಲ್ಲಿನಲ್ಲಿ ಯಾರೂ ಮಾತಾಡಲಿಲ್ಲ.

ಹದಿಮೂರು ಜನ ದಂಡೆಗೆ ಬಂದರು. ಹೊತ್ತು ಬರೆದುಕೊಂಡೆ, ಅಕ್ಷರ ಸೊಟ್ಟಗೆ ಬಂದವು.

ಸಂಜೆ ಮನೆಗೆ ಬಂದು ಉಂಡೆ, ಗೋಡೆಗೆ ಒರಗಿದೆ. ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಹೊರಗೆ ಬಿಸಿಲು ಬಿದ್ದಿತ್ತು, ಹಾಲಿನವನು ಬಂದು ಹೋಗಿದ್ದ. ನನ್ನ ಹೆಂಡತಿ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಎಂಟಾತ್ರಿ,” ಎಂದಳು. “ಎಬ್ಬಸಬೇಕು ಅಂತ ಎರಡು ಸಲ ಬಂದೆ. ಕೈ ಸುಮ್ಮನ ಇತ್ತು, ನೋಡಿ ಹೊಳ್ಳಿ ಹೋದೆ.”